ಬೀಗರ ಪರವಾಗಿ ಹಾಡಿದವಳು

ರಶ್ಮಿಗೆ ಬೇಕಾಗಿದ್ದು ಒಂದೇ. ವಿಜಯೇಂದ್ರ ಎಲ್ಲರ ಎದುರು ತನ್ನನ್ನು ಹೆಸರು ಹಿಡಿದು ಕರೆಯಬೇಕು.

ಮೂರು ವರ್ಷ ಅವಳ ಜೊತೆ ಭದ್ರಾವತಿ ಬಸ್ಸಿನಲ್ಲಿ ಓಡಾಡಿದವನು, ನಾಲೆ ಏರಿಯ ಮೇಲೆ ಕೂತು ಮದುವೆಯ ಮಾತಾಡಿದವನು, ಶಿವಮೊಗ್ಗದ ಸವಳಂಗ ರಸ್ತೆಯಿಂದ ಸಂಬಂಧ ಬಂದ ಕೂಡಲೇ ದೂರವಾದ. ಹೆಣ್ಣಿನ ಕಡೆಯವರು ಏನೋ ಸುದ್ದಿ ಕೇಳಿ ವಿಚಾರಿಸಿದಾಗ, "ರಶ್ಮಿನಾ? ನಮ್ಮೂರವಳು ಇರಬೇಕು. ನಾನು ಒಂದು ದಿನಾನೂ ಮಾತಾಡಿಸಿದ್ದಿಲ್ಲ" ಅಂದಿದ್ದ. ಬಿಟ್ಟು ಹೋಗಿದ್ದನ್ನು ಅವಳು ನುಂಗಿಕೊಂಡಿದ್ದಳು. ಈ ಮಾತನ್ನು ನುಂಗಲಿಲ್ಲ.

ರಶ್ಮಿಯ ಊರಿನಲ್ಲಿ ಅರಿಶಿನದ ದಿನ ಹೆಣ್ಣಿನ ಕಡೆಯ ಹೆಂಗಸರು ಗಂಡನ್ನು ಆಡಿಕೊಂಡು ಹಾಡುತ್ತಾರೆ. ಅವನು ಸಿಟ್ಟಾಗುವಂತಿಲ್ಲ. ಸಾಕಾದಾಗ ಹಾಡುವವಳ ತಾಂಬೂಲದ ಡಬ್ಬಿಯನ್ನು ತಾನೇ ತೆರೆದು, ಒಳಗೆ ಒಂದು ರವಿಕೆ ಕಣ ಇಡಬೇಕು. ಕಣ ಬೀಳುವ ತನಕ ಹಾಡು ನಿಲ್ಲುವುದಿಲ್ಲ.

ಸವಳಂಗ ರಸ್ತೆಯವರಿಗೆ ಹಾಡು ಬರುತ್ತಿರಲಿಲ್ಲ. ಬ್ಲೂಟೂತ್ ಸ್ಪೀಕರ್ ತಂದಿದ್ದರು. ಊರಿನ ಮದುವೆಗಳಿಗೆಲ್ಲ ಯಜಮಾನಿಕೆ ಮಾಡುವ ಸುಭದ್ರಮ್ಮ ಅದನ್ನು ಆಫ್ ಮಾಡಿಸಿದರು.

"ನಮ್ಮವರನ್ನೇ ನಿಮ್ಮ ಕಡೆಗೆ ಕಳಿಸ್ತೀನಿ. ಯಾರು ಹೋಗ್ತೀರೇ?"

"ನಾನು ಹೋಗ್ತೀನಿ ಅತ್ತೆ," ಎಂದಳು ರಶ್ಮಿ. ಹಿತ್ತಾಳೆ ಡಬ್ಬಿ ಆಗಲೇ ಅವಳ ಕೈಯಲ್ಲಿತ್ತು.

ಸುಭದ್ರಮ್ಮ ಅವಳ ಮುಖ ನೋಡಿದರು. "ಗಂಟಲು ಸರಿಯಾಗಿದೆ ತಾನೆ, ಮಾರಾಯ್ತಿ?"

"ಇವತ್ತು ಬಹಳ ಸರಿಯಾಗಿದೆ."

ವಿಜಯೇಂದ್ರ ಮಣೆಯ ಮೇಲಿದ್ದ. ಪಕ್ಕದಲ್ಲಿ ಮದುಮಗಳು ಇಂಪನಾ. ಬುಲೆಟ್ ಓಡಿಸುವ ಈ ಶೂರ ಕಪ್ಪೆ ಕಂಡರೆ ಚಪ್ಪಲಿ ಬಿಟ್ಟು ಓಡುತ್ತಾನೆ ಎಂದು ರಶ್ಮಿ ಹಾಡಿದಳು. ಜನ ನಕ್ಕರು. ಅವನ ತಾಯಿ ನಗಲಿಲ್ಲ.

"ಸುಳ್ಳು. ನನ್ನ ಮಗ ಕತ್ತಲಲ್ಲೂ ಗದ್ದೆಗೆ ನೀರು ಕಟ್ಟೋನು."

ನಾಲೆ ಏರಿಯ ಮೇಲೆ ಕಪ್ಪೆ ಹಾರಿದಾಗ ಒಬ್ಬ ಹುಡುಗಿಯ ಬೆನ್ನ ಹಿಂದೆ ಅಡಗಿದ ಎಂಬುದು ಎರಡನೆಯ ನುಡಿ.

"ಯಾವ ಹುಡುಗಿನೋ ಅಳಿಯಾ?" ಎಂದು ಹಿಂದಿನಿಂದ ಯಾರೋ ಕೂಗಿದರು.

ವಿಜಯೇಂದ್ರನ ನಗು ಅಲ್ಲಿಗೆ ನಿಂತಿತು. ಕಣ ಎತ್ತಿಕೊಂಡವನೇ ಬಂದು ಡಬ್ಬಿಯ ಮುಚ್ಚಳ ತೆಗೆದ. ಬೆಳಿಗ್ಗೆ ಗದ್ದೆ ಬದುವಿನಲ್ಲಿ ರಶ್ಮಿ ಹಿಡಿದಿದ್ದ ದಪ್ಪ ಕಪ್ಪೆ ಅವನ ಎದೆಗೇ ಹಾರಿತು.

"ಅಯ್ಯೋ ರಶ್ಮೀ, ತೆಗಿಯೇ ಇದನ್ನ, ನಿನ್ನ ಕಾಲಿಗೆ ಬೀಳ್ತೀನಿ ತೆಗಿಯೇ ಪುಟ್ಟಿ..."

ಕಣ ಎಲ್ಲೋ ಬಿತ್ತು. ಅವನು ಚಪ್ಪರದ ಕಂಬ ತಬ್ಬಿಕೊಂಡಿದ್ದ. ರಶ್ಮಿ ನಿಧಾನವಾಗಿ ಎದ್ದು ಅವನ ಅಂಗಿಯಿಂದ ಕಪ್ಪೆಯನ್ನು ಬಿಡಿಸಿಕೊಂಡಳು. ಮೊದಲು ನಕ್ಕವರು ಒಬ್ಬೊಬ್ಬರಾಗಿ ಇಂಪನಾಳ ಕಡೆ ತಿರುಗಿದರು.

"ಒಂದು ದಿನಾನೂ ಮಾತಾಡಿಸಿದ್ದಿಲ್ಲ ಅಂದಿದ್ರಿ," ಎಂದಳು ಇಂಪನಾ. ಧ್ವನಿ ಏರಿಸಲಿಲ್ಲ.

"ಅದು... ಕಪ್ಪೆ ನೋಡಿ ಬಾಯಿಗೆ ಬಂದಿದ್ದು..."

"ಕಪ್ಪೆನ ಪುಟ್ಟಿ ಅಂತಾರೇನಪ್ಪ?" ಎಂದು ಸುಭದ್ರಮ್ಮ ಕೇಳಿದರು.

ಇಂಪನಾ ಕೆನ್ನೆಯ ಅರಿಶಿನವನ್ನು ಅಂಗೈಯಿಂದ ಒರೆಸಿಕೊಂಡು ರಶ್ಮಿಯ ಕಡೆ ತಿರುಗಿದಳು.

"ಕಣ ಡಬ್ಬಿಗೆ ಬಿದ್ದಿಲ್ಲ ಅಲ್ವಾ ಅಕ್ಕ?"

"ಇಲ್ಲ."

"ಹಾಗಾದ್ರೆ ಮುಂದಿನದು ಹಾಡಿ. ನಾನು ಎಲ್ಲಾ ಕೇಳ್ತೀನಿ."

ರಶ್ಮಿ ಕಪ್ಪೆಯನ್ನು ಡಬ್ಬಿಗೆ ಹಾಕಿ ಮುಚ್ಚಿದಳು. ಅದನ್ನು ಮೊದಲಿನ ಜಾಗದಲ್ಲೇ ಇಟ್ಟಳು. ವಿಜಯೇಂದ್ರ ಕಂಬ ಬಿಟ್ಟು ಹತ್ತಿರ ಬರಲಿಲ್ಲ. ಅವಳು ಕೂತು ಮೂರನೆಯ ನುಡಿ ಎತ್ತಿದಳು.