ಬೂಚು ತೆಗೆದ ವರ

ಆ ವರ್ಷ ನಮ್ಮ ಹಿತ್ತಲಲ್ಲಿ ಟಮಾಟಿ ಹುಚ್ಚು ಹಿಡಿದಂತೆ ಬಂತು. ಮಿರಜದ ಪೇಟೆಗೆ ಒಯ್ದರೆ ಬುಟ್ಟಿಯ ಬೆಲೆಯೂ ಹುಟ್ಟುವುದಿಲ್ಲವೆಂದು ನಮ್ಮ ಮನೆಯವರು ಎಮ್ಮೆಗೆ ಸುರಿಯಲು ಹೊರಟಿದ್ದರು. ಅದೇ ವಾರ, ಹಣ್ಣು ಕಾಯಿಪಲ್ಲೆ ಕೆಡದಂತೆ ಬಾಟ್ಲಿಯಲ್ಲಿ ತುಂಬಿಡುವುದನ್ನು ಕಲಿಸಲು ಅಥಣಿಯಿಂದ ಒಬ್ಬ ಮೇಡಂ ನಮ್ಮೂರು ಕಾಗವಾಡಕ್ಕೆ ಬಂದರು. ಶಾಲೆಯಲ್ಲಿ ಮೂರು ದಿನದ ತರಬೇತಿ. ಮಗಳು ಸುಂದರಾಳನ್ನೂ ಕರೆದುಕೊಂಡು ಹೋದೆ.

“ನಾಳೆ ಎಲ್ಲರೂ ಬಿಯರಿನ ಖಾಲಿ ಬಾಟ್ಲಿ ತನ್ನಿ. ಗಾಜು ದಪ್ಪ ಇರುತ್ತದೆ, ಕುದಿನೀರಿಗೆ ಒಡೆಯುವುದಿಲ್ಲ” ಎಂದರು ಮೇಡಂ. ಹದಿನಾರು ಹೆಂಗಸರು ಒಟ್ಟಿಗೆ ನೆಲ ನೋಡಿದೆವು. ಮರುದಿನ ಎಲ್ಲರ ಚೀಲವೂ ತುಂಬಿತ್ತು. ನಮ್ಮೂರಲ್ಲಿ ಯಾರ ಗಂಡನೂ ಕುಡಿಯುವುದಿಲ್ಲ. ಬಾಟ್ಲಿಗಳೆಲ್ಲ ಹೊಲದ ಬದುವಿನಲ್ಲಿ ಸಿಕ್ಕವಂತೆ.

ನನಗೆ ಬದುವಿನಲ್ಲಿ ಸಿಗಲಿಲ್ಲ. ಹಳೇ ಸಾಮಾನು ಕೊಳ್ಳುವ ಭಂಗಾರದವನ ಹತ್ತಿರ ಎರಡು ಡಜನ್ ತಂದೆ. ಪಕ್ಕದ ಮನೆಯ ತಾರವ್ವ ಗೋಡೆಯ ಮೇಲಿಂದ ಇಣುಕಿದಳು. “ಏನಕ್ಕಾ, ಧರೆಪ್ಪಣ್ಣಾರು ಯಾವಾಗಿಂದ ಚಾಲೂ ಮಾಡ್ಯಾರ?”

“ಅವರಿಗೆ ಚಹಾನೇ ತಲಿಗೇರತೈತಿ, ತಾರವ್ವಾ” ಎಂದೆ.

ಬಾಟ್ಲಿಗೆ ಅಂಟಿದ್ದ ಚೀಟಿಗಳನ್ನು ನೀರಲ್ಲಿ ನೆನೆಸಿ ಉಗುರಿನಿಂದ ಕೆರೆದೆವು. ಬಾಟ್ಲಿಗಳನ್ನು ಹಂಡೆಯಲ್ಲಿ ಅರ್ಧ ತಾಸು ಕುದಿಸಿ, ಟಮಾಟಿಯ ಬಿಸಿ ಸಾಸು ತುಂಬಿ, ಮೇಡಂ ಬಿಟ್ಟುಹೋದ ಸಣ್ಣ ಯಂತ್ರದಿಂದ ತಗಡಿನ ಬೂಚು ಒತ್ತಿದೆವು. ಯಂತ್ರ ನನ್ನ ಕೈಗಿಂತ ಸುಂದರಾಳ ಕೈಗೆ ಚೆನ್ನಾಗಿ ಒಗ್ಗಿತ್ತು.

ಅವಳಿಗೆ ಆಗ ಇಪ್ಪತ್ತು. ಎರಡು ಸಂಬಂಧ ತಪ್ಪಿಹೋಗಿದ್ದವು. ಒಬ್ಬರಿಗೆ ಹುಡುಗಿ ಎತ್ತರವಾದಳು, ಇನ್ನೊಬ್ಬರ ಮುಂದೆ ಜೋರಾಗಿ ನಕ್ಕಳು. ಮೂರನೆಯದನ್ನು ನನ್ನ ಮೈದುನ ಭೀಮಸಿ ತಂದ. ಅಲಖನೂರಿನ ಅಣ್ಣಾಸಾಬರ ಮಗ ಬಾಳಾಸಾಬ. ಹನ್ನೆರಡು ಎಕರೆ ಕಬ್ಬು. ಅಪ್ಪ ಮಗ ಇಬ್ಬರೂ ತುಳಸಿಮಾಲೆ ಹಾಕಿಸಿಕೊಂಡವರು, ಮಾಂಸ ಹೆಂಡ ಎರಡನ್ನೂ ಬಿಟ್ಟವರು. ಇದೊಂದು ಕೂಡಿಬಂದರೆ ಸಾಕೆಂದು ನಾನು ಮೂರು ಸೋಮವಾರ ಒಪ್ಪತ್ತು ಇದ್ದೆ.

ಹೆಣ್ಣು ನೋಡಲು ಬಂದ ದಿನ ಭಜಿ ಕರಿದೆ, ಜೊತೆಗೆ ಬೂಚು ಹಾಕದೆ ಉಳಿಸಿದ್ದ ಸಾಸಿನ ಬಾಟ್ಲಿ ಇಟ್ಟೆ. ಅಣ್ಣಾಸಾಬರು ತಮ್ಮ ಮನೆತನದ ಶುದ್ಧತೆಯನ್ನು ಏಳು ತಲೆಮಾರಿನಿಂದ ಶುರುಮಾಡಿ ನಾಲ್ಕನೆಯದಕ್ಕೆ ಬಂದಿದ್ದರು. ಅಷ್ಟರಲ್ಲಿ ಅವರ ಕಣ್ಣು ಬಾಟ್ಲಿಯ ಮೇಲೆ ಬಿತ್ತು.

“ಇದು ಬೀರಿನ ಬಾಟ್ಲಿ ಅಲ್ಲೇನ್ರಿ?”

ಮೇಲೆ ಚೀಟಿಯ ಚೂರೂ ಇರಲಿಲ್ಲ. ಆದರೂ ಗುರುತು ಹಿಡಿದರು, ಪುಣ್ಯಾತ್ಮರು.

“ಹೌದ್ರಿ ಮಾಮಾ, ಭಂಗಾರದವನ ಕಡೆ ತಂದದ್ದು. ಅರ್ಧ ತಾಸು ಕುದಿಸೀನಿ” ಎಂದೆ.

“ಕುದಿಸಿದ್ರ ಜಾತಿ ಹೋಗತೈತೇನು? ಸಂಸಾರಸ್ಥರ ಮನ್ಯಾಗ, ಹೆಣ್ಣು ನೋಡೂ ದಿವಸ, ಇಂಥಾದ್ದು ಪಂಕ್ತಿಗೆ ಇಡ್ತೀರಂದ್ರ ತಾಯಿ ಹೆಂಗ ಬೆಳಿಸಿರಬೇಕು ಮಗಳನ್ನ?”

ಭೀಮಸಿ ಭಜಿಯನ್ನು ನೋಡುತ್ತ ಕುಳಿತ. ಅಣ್ಣಾಸಾಬರ ಹೆಂಡತಿ ಸೋನಾಬಾಯಿ ಸೆರಗು ಸರಿಮಾಡಿಕೊಂಡರು. ಹುಡುಗ ತಲೆ ತಗ್ಗಿಸಿ ಕುಳಿತಿದ್ದ. ಬಾಗಿಲಿಗೆ ಆತು ನಿಂತ ಸುಂದರಾಳ ಮುಖವನ್ನು ನೋಡುವ ಧೈರ್ಯ ನನಗಾಗಲಿಲ್ಲ. ಮೂರನೆಯದೂ ಹೋಯಿತು, ಅದೂ ನನ್ನ ಕೈಯಿಂದಲೇ ಅಂದುಕೊಂಡೆ.

ನಮ್ಮ ಮನೆಯವರಿಗೆ ಅಪರೂಪಕ್ಕೆ ಒಂದು ಉಪಾಯ ಹೊಳೆಯಿತು. “ಬೂಚ ಹಾಕಿದ್ದು ಒಂದು ತಾ. ಬೀಗರ ಮುಂದನ ತಗೀತೀನಿ, ವಾಸನಿ ನೋಡ್ಲಿ.”

ತಂದುಕೊಟ್ಟೆ. ಆದರೆ ಎಂದೂ ಕುಡಿಯದ ಮನೆಯಲ್ಲಿ ಬೂಚು ತೆಗೆಯುವ ಸಾಧನ ಎಲ್ಲಿಂದ ಬರಬೇಕು? ಅವರು ಮೊದಲು ಚಮಚದಿಂದ, ಆಮೇಲೆ ಇಕ್ಕಳದಿಂದ ಮೀಟಿದರು. ಬಾಟ್ಲಿ ತೊಡೆಯ ಮೇಲೆ ಜಾರಿತು. ಮತ್ತೆ ಇಕ್ಕಳ ಹಾಕಿದರು, ಬೆರಳು ತರಚಿತು.

“ಕೊಡ್ರಿ ಮಾವಾ ಇಲ್ಲಿ.”

ವರನ ಬಾಯಿಂದ ಆ ದಿನ ಬಂದ ಮೊದಲ ಮಾತು ಅದು. ಬಾಟ್ಲಿಯ ಕುತ್ತಿಗೆ ಹಿಡಿದ, ಬೂಚನ್ನು ಟೀಪಾಯಿಯ ಅಂಚಿಗೆ ಸಿಕ್ಕಿಸಿದ, ಅಂಗೈಯಿಂದ ಮೇಲೊಂದು ಗುದ್ದು ಹಾಕಿದ. ಠಪ್! ಬೂಚು ಉರುಳಿ ಸೋನಾಬಾಯಿಯ ಕಾಲ ಬಳಿ ನಿಂತಿತು. ಒಂದು ಹನಿ ಸಾಸು ಚೆಲ್ಲಲಿಲ್ಲ. ಅವನ ಕೊರಳ ತುಳಸಿಮಣಿ ಕೂಡ ಅಲುಗಲಿಲ್ಲ.

ಸೋನಾಬಾಯಿ ಬೂಚಿನ ಮೇಲೆ ಮೆಲ್ಲಗೆ ಕಾಲಿಟ್ಟು ಮುಚ್ಚಿದರು.

“ಹುಡ್ಗೋರು, ಸೋಡಾ ಗೀಡಾ ಕುಡೀತಾರ” ಎಂದರು ಅಣ್ಣಾಸಾಬರು.

ನಮ್ಮ ಕಡೆ ಸೋಡಾ ಬಾಟ್ಲಿಗೆ ಗೋಲಿ ಇರುತ್ತದೆ, ತಗಡಿನ ಬೂಚಲ್ಲ. ನಾನು ಹೇಳಲಿಲ್ಲ. ಅವರೂ ಮಿಕ್ಕ ತಲೆಮಾರುಗಳ ಕಡೆ ಹೋಗಲಿಲ್ಲ. ಸಾಸು ಹಚ್ಚಿಕೊಂಡು ಆರು ಭಜಿ ತಿಂದರು, “ಛಲೋ ಆಗೇತಿ” ಎಂದರು, ಮೂರೇ ದಿನಕ್ಕೆ ಭೀಮಸಿಯ ಕೈಯಲ್ಲಿ ಹುಡುಗಿ ಒಪ್ಪಿಗೆಯೆಂದು ಹೇಳಿಕಳಿಸಿದರು.

ನಮ್ಮ ಮನೆಯವರಿಗೆ ಹಿಗ್ಗು. “ಈಗಿನ ಹುಡ್ಗೋರು ಒಂದಿಷ್ಟು ತಗೊಂಡ್ರ ತಗೋತಾರ. ಹನ್ನೆರಡು ಎಕರೆ ಐತಿ ಬೇ.”

ಸುಂದರಾ ಹಿತ್ತಲಲ್ಲಿ ಹಂಡೆ ತಿಕ್ಕುತ್ತಿದ್ದಳು. “ನನಗ ಆ ಹುಡುಗ ಬ್ಯಾಡ” ಎಂದಳು, ತಲೆಯೆತ್ತದೆ. ಪಕ್ಕದಲ್ಲಿ ಕುಳಿತೆ. “ಕುಡೀತಾನಂತ ಬ್ಯಾಡ ಅಂತೀಯೇನವ್ವಾ?” ಎಂದು ಕೇಳಿದೆ.

“ಅದಕ್ಕಲ್ಲವ್ವಾ” ಎಂದಳು. “ಬಾಟ್ಲಿ ಸಲುವಾಗಿ ಅವರಪ್ಪ ನಿನ್ನ ಅಷ್ಟು ಅಂದಾಗ ಅಂವಗ ಎಲ್ಲಾ ಗೊತ್ತಿತ್ತು. ತಲಿ ತಗ್ಗಿಸಿ ಕುಂತಿದ್ದ. ನಾಳೆ ನನ್ನ ಅಂದ್ರೂ ಹಂಗ ಕೂಡ್ತಾನ.”

ಎರಡು ಕೈಗೂ ಬೂದಿ ಮೆತ್ತಿಕೊಂಡಿದ್ದ ಮಗಳ ಕೆನ್ನೆಯನ್ನು ನಾನೇ ಸೆರಗಿನಿಂದ ಒರೆಸಿದೆ. ಮೂರು ಸೋಮವಾರ ನಾನು ಏನು ಬೇಡಿಕೊಂಡಿದ್ದೆನೋ ಅದಕ್ಕೆ ನನಗೇ ನಾಚಿಕೆಯಾಯಿತು.

ಸಂಜೆ ಭೀಮಸಿ ತಾರೀಖು ಕೇಳಲು ಬಂದ. ನಮ್ಮ ಮನೆಯವರು ಪಂಚಾಂಗ ಹಿಡಿದು ಕುಳಿತಿದ್ದರು. “ಹುಡುಗಿಗೆ ಹುಡುಗ ಒಪ್ಪಿಗಿಲ್ಲ” ಎಂದೆ. ಪಂಚಾಂಗ ಮಡಿಚಿಕೊಂಡಿತು.

“ಹಂಗ ಹೆಂಗ ಹೇಳೂದು ವೈನಿ? ಗಂಡಿನವರು ಒಪ್ಯಾರ!” ಭೀಮಸಿ ಹೌಹಾರಿದ. “ಜಾತಕ ಕೂಡಲಿಲ್ಲ ಅಂತೀನಿ, ಆತಲ್ಲ?”

“ಜಾತಕದ ತಪ್ಪೇನು ಅದರಾಗ? ಹುಡುಗಿ ತಾಯಿಯನ್ನ ಅವರಪ್ಪ ಅನ್ನುವಾಗ ಸುಮ್ಮನ ಕುಂತ ಹುಡುಗ ನಮ್ಮ ಮಗಳಿಗೆ ಬ್ಯಾಡಂತ, ಅಂತ ಹೇಳು. ಹಿಂಗ ಅಂದಾಕಿ ಹುಡುಗಿನ ಅಂತನೂ ಹೇಳು.”

ಭೀಮಸಿ ಅಣ್ಣನ ಮುಖ ನೋಡಿದ. ಅಣ್ಣ ಪಂಚಾಂಗದ ಮುಖ ನೋಡಿದರು. ನಾನು ಒಳಗೆ ಹೋಗಿ ಇಬ್ಬರಿಗೂ ಚಹಾಕ್ಕೆ ಇಟ್ಟೆ.