ದುಃಖ ಕಾಣದ ಫೋಟೋ

ತುಮಕೂರಿನಲ್ಲಿ ನನ್ನದು ಪಾರ್ಟ್-ಟೈಮ್ ಕೆಲಸ. ಎಂದರೆ ಸಂಬಳ ಅರ್ಧ, ದುಡಿಮೆ ಪೂರ್ತಿ. ರೈತರನ್ನು ಉದ್ಧಾರ ಮಾಡುವ ನಮ್ಮ ಟ್ರಸ್ಟಿನ ಫೋಟೋ, ಬರಹ, ಫೇಸ್‌ಬುಕ್ ಪೇಜು ಎಲ್ಲ ನನ್ನ ತಲೆಗೆ. ಉದ್ಧಾರ ಎಷ್ಟಾಯಿತೋ ದೇವರಾಯನದುರ್ಗದ ನರಸಿಂಹಸ್ವಾಮಿಗೇ ಗೊತ್ತು, ಫೋಟೋ ಮಾತ್ರ ವಾರವಾರ ಬೀಳಬೇಕು.

ಈ ಸಲ ನಿರ್ದೇಶಕ ಕೃಷ್ಣಕುಮಾರ್ ಸಾರ್‌ಗೆ ದೇಣಿಗೆ ಕೇಳುವ ಪೋಸ್ಟರ್ ಬೇಕಿತ್ತು. "ಮಾನಸಾ, ಒಬ್ಬ ರೈತ ಮಹಿಳೆ ಬೇಕಮ್ಮ. ಕಣ್ಣಲ್ಲಿ ದುಃಖ ಕಾಣ್ಬೇಕು," ಎಂದರು. ದುಃಖ ಹುಡುಕಿಕೊಂಡು ಏಸಿ ಕಾರಿನಲ್ಲಿ ಗುಬ್ಬಿ ಕಡೆ ಹೊರಟೆವು.

ಅಲ್ಲಿನ ರೈತ ಮಹಿಳೆ ಸಿದ್ದಲಕ್ಷ್ಮಮ್ಮನಿಗೆ ಹಿಂದಿನ ದಿನವೇ ಫೋನ್ ಮಾಡಿದ್ದೆ, ಅದೇ ತಪ್ಪಾಗಿದ್ದು. ಫೋಟೋ ಎಂದರೆ ನಮ್ಮ ಕಡೆ ಯಾರು ಹಾಗೇ ಬಂದು ನಿಲ್ಲುತ್ತಾರೆ? ತೆಂಗಿನ ತೋಟದ ನಡುವೆ ಕೆಂಪು ರೇಷ್ಮೆ ಸೀರೆ, ಮುಡಿ ತುಂಬ ಕನಕಾಂಬರ, ಕಾಸಗಲ ಕುಂಕುಮ. ಸಾರ್ ಮುಖ ಹರಳೆಣ್ಣೆ ಕುಡಿದಂತಾಯಿತು.

"ಹಳೇದು, ಹರಿದಿದ್ದು ಯಾವ್ದೂ ಇಲ್ವೇನಮ್ಮ?"

"ಕೊಟ್ಟಿಗೆ ಗುಡ್ಸೋಕೆ ಉಡೋದೈತೆ ಸ್ವಾಮಿ. ಅದ್ನ ಉಟ್ಕಂಡು ಫೋಟೋಕೆ ನಿಂತ್ಕಳಾ? ಮಗಳು ಮಂಗಳಗೌರಿನ ನೋಡಕ್ಕೆ ಭಾನುವಾರ ಕುಣಿಗಲ್ ಕಡೆಯಿಂದ ಗಂಡಿನೋರು ಬತ್ತಾವ್ರೆ. ಈಗಿನೋರು ಮೊದ್ಲು ಹೆಣ್ಣಿನ ಮನೆಯೋರ್ನ ಫೋನಲ್ಲಿ ನೋಡ್ಕಂಡೇ ಮನೆ ಮೆಟ್ಲು ಹತ್ತೋದು." ಆಮೇಲೆ ನನ್ನ ಕೈ ಹಿಡಿದುಕೊಂಡರು. "ಚೆನ್ನಾಗ್ ತೆಗಿಯವ್ವ. ಮಗಳ ಬಾಳಿನ ಪ್ರಶ್ನೆ."

ತೆಗೆದೆ. ಅವರು ನಗುತ್ತಲೇ ನಿಂತರು. ನಂತರ ಮುದ್ದೆ, ಅವರೆಕಾಳಿನ ಸಾರು ಬಡಿಸಿದರು. ಸಾರ್ ಎರಡನೇ ಮುದ್ದೆಯನ್ನು ಕೇಳಿ ಹಾಕಿಸಿಕೊಂಡರು.

ಸಂಜೆ ಆಫೀಸಿನಲ್ಲಿ ನೋಡುತ್ತೇನೆ, ಯಾವುದೋ ಆ್ಯಪ್‌ಗೆ ಹೇಳಿ ಸಾರ್ ರೇಷ್ಮೆಯನ್ನು ಚಿಂದಿ ಮಾಡಿಸಿದ್ದಾರೆ. ಕನಕಾಂಬರ ಮಾಯ. ನಗುವ ಮುಖದ ಮೇಲೆ ಕಣ್ಣೀರು. ಕೆಳಗೆ, "ಒಪ್ಪೊತ್ತಿನ ಊಟಕ್ಕೂ ಗತಿಯಿಲ್ಲ."

"ಇದನ್ನ ಪೇಜಿಗೆ ಹಾಕ್ಬಿಡಮ್ಮ," ಎಂದು ಹೇಳಿ ಮನೆಗೆ ಹೋದರು. ತಿಂದ ಮುದ್ದೆ ಇನ್ನೂ ಅರಗಿರಲಿಲ್ಲ, ನಾಚಿಕೆ ಬೇಡವೇ ಮನುಷ್ಯನಿಗೆ! ರೇಷ್ಮೆ ಸೀರೆಯ ಫೋಟೋವನ್ನೇ ಹಾಕಿದೆ. "ಗುಬ್ಬಿಯ ಸಿದ್ದಲಕ್ಷ್ಮಮ್ಮ, ತಮ್ಮ ತೆಂಗಿನ ತೋಟದಲ್ಲಿ" ಎಂದಷ್ಟೇ ಬರೆದೆ.

ಬೆಳಗ್ಗೆ ಸಾರ್ ಕೂಗಾಡಿದರು. "ಈಯಮ್ಮನ್ನ ನೋಡಿದ್ರೆ ಯಾರು ದುಡ್ಡು ಕೊಡ್ತಾರೆ? ನಾವೇ ಹೋಗಿ ಸಾಲ ಕೇಳೋಣ ಅನ್ಸುತ್ತೆ! ತೆಗಿ ಅದನ್ನ."

"ತೆಗೆಯಲ್ಲ ಸಾರ್."

ಅಷ್ಟರಲ್ಲಿ ಟ್ರಸ್ಟಿನ ಅಧ್ಯಕ್ಷರೇ ಫೋಟೋ ಕೆಳಗೆ "ಅದ್ಭುತ" ಎಂದು ಬರೆದುಬಿಟ್ಟಿದ್ದರು. ಹಾಗಾಗಿ ಫೋಟೋ ಉಳಿಯಿತು, ನನ್ನ ಕೆಲಸ ಹೋಯಿತು.

ಭಾನುವಾರ ಸಂಜೆ ಸಿದ್ದಲಕ್ಷ್ಮಮ್ಮನ ಫೋನ್. "ಒಪ್ಕಂಡ್ರು ಕಣವ್ವ! ಆ ಫೋಟೋನ ಅವ್ರ ಮನೆಯೋರೆಲ್ಲಾ ನೋಡವ್ರಂತೆ. ನಿಮ್ ಸಾಹೇಬ್ರು ಪುಣ್ಯಾತ್ಮರು. ಲಗ್ನಪತ್ರಿಕೆ ಕೊಡಕ್ಕೆ ಆಫೀಸಿಗೇ ಬತ್ತೀನಿ."

ಸಂತೋಷವೂ ಆಯಿತು, ಹೊಟ್ಟೆಯೂ ಉರಿಯಿತು. "ಆಫೀಸಿಗೆ ಬೇಡಮ್ಮ, ನಮ್ಮನೆಗೇ ಬನ್ನಿ. ನನ್ನ ಕೆಲಸದಿಂದ ತೆಗೆದ್ರು."

"ಅಯ್ಯೋ, ಯಾಕವ್ವ? ಅಂಥಾದ್ದೇನ್ ತಪ್ಪು ಮಾಡ್ದೆ?"

"ನಿಮ್ಮನ್ನ ಚೆನ್ನಾಗಿ ತೋರಿಸ್ದೆ."