ಒದ್ದೆ ಬಟ್ಟೆಯ ತೂಕ

ಇನ್ನೂ ನೀರು ಬಿಡುತ್ತಿದೆ, ಹಿಂಡಿದ್ದು ಸಾಲದು, ಮಣಿಕಟ್ಟು ನೋಯುವಷ್ಟು ಹಿಂಡಿದರೂ ಈ ಒಳಪಟ್ಟಿಗಳ ಹೊಟ್ಟೆಯಲ್ಲಿ ಎಲ್ಲೋ ಒಂದಿಷ್ಟು ನೀರು ಅಡಗಿ ಕೂತೇ ಇರುತ್ತದೆ, ತಂತಿಗೆ ಹಾಕಿದ ಮೇಲೆ ಮೆಲ್ಲಗೆ ಕೆಳತುದಿಗೆ ಇಳಿದು ಟಪ್ ಟಪ್ ಎಂದು ಬಾಲ್ಕನಿಯ ನೆಲಕ್ಕೆ, ಅಲ್ಲಿಂದ ಕೆಳಮನೆಯವರ ಹೂಕುಂಡಕ್ಕೆ — ಕೆಳಮನೆಯಾಕೆ ಇದುವರೆಗೆ ಏನೂ ಅಂದಿಲ್ಲ, ಚೆನ್ನಾಗಿ ಜಾಲಾಡಿಸಿದ ನೀರೇ ತಾನೆ, ಗಿಡಕ್ಕೇನೂ ಆಗುವುದಿಲ್ಲ — ಮೋಡ ಬೇರೆ ಕವಿದಿದೆ, ಬಾತುಕೋಳಿ ಚಿತ್ರದ ಮೇಲುಬಟ್ಟೆಗಳು ಗಾಳಿಗೇ ಒಣಗಿಬಿಡುತ್ತವೆ, ಸತಾಯಿಸುವುದು ಅದರ ಒಳಗೆ ತೂರಿಸುವ ಈ ದಪ್ಪ ಪಟ್ಟಿಗಳು, ಮಗು ಉಚ್ಚೆ ಹೊಯ್ದಾಗ ಕುಡಿದು ಹಿಡಿದಿಟ್ಟುಕೊಳ್ಳುವುದು ಇವೇ ಆದ್ದರಿಂದ ಕುಡಿದದ್ದನ್ನು ಬಿಡು ಅಂದರೆ ಇವಕ್ಕೆ ಕೇಳಿಸುವುದಿಲ್ಲ. ಎದುರು ಮನೆಯ ಪಿಂಚಣಿಯ ಯಜಮಾನರು ಪೇಪರ್ ಕೆಳಗಿಳಿಸಿದರು, ಈಗ ಆಕಾಶ ನೋಡುತ್ತಾರೆ, ಆಮೇಲೆ ನನ್ನನ್ನು, ಇವತ್ತು ಒಣಗೋದು ಕಷ್ಟ ಅಂತ ಕೈಯಲ್ಲೇ ಹೇಳುತ್ತಾರೆ — ಮೊದಲ ದಿನ ನಾನು ಇವನ್ನೆಲ್ಲ ತಂತಿಗೆ ಹಾಕುವಾಗ ಮನೇಲಿ ಹುಷಾರಿಲ್ವೇನಪ್ಪ ಎಂದು ಕೇಳಿದ್ದರು, ಚೆನ್ನಾಗಿದ್ದಾಳೆ ಅಂದೆ, ಮತ್ತೆ ಅಂದರು, ಮತ್ತೇನಿಲ್ಲ ಅಂದೆ, ಅವತ್ತು ಪೇಪರಿನ ಮೇಲಂಚಿನಿಂದ ನನ್ನನ್ನೇ ನೋಡುತ್ತಿದ್ದರು, ಈಗ ನೋಡಿದರೆ ಅವರೇ ನನ್ನ ಹವಾಮಾನ ಇಲಾಖೆ, ಹನಿ ಬೀಳುವ ಮೊದಲೇ ಕೂಗಿ ಹೇಳುತ್ತಾರೆ. ಮನೆ ನಿಶ್ಶಬ್ದ. ನನ್ನವಳು ಹೆರಿಗೆ ರಜೆ ಮುಗಿಸಿ ಇವತ್ತಿನಿಂದ ಕೆಲಸಕ್ಕೆ, ಪುಟ್ಟಿ ಇವತ್ತಿನಿಂದ ಬೇಬಿ ಸಿಟ್ಟಿಂಗಿಗೆ, ನನಗೆ ಸಂಜೆಯ ಪಾಳಿ — ಅಡುಗೆಮನೆಯ ನಲ್ಲಿ ಸೋರುವುದು ಇಲ್ಲಿಗೂ ಕೇಳುತ್ತಿದೆ, ವಾಷರ್ ಬದಲಿಸಬೇಕು, ಊರಿನ ಪಂಪು ರಿಪೇರಿ ಮಾಡುವವನ ಮನೆಯ ನಲ್ಲಿ ಸೋರುತ್ತಿದೆ ಎಂದು ಅತ್ತೆ ಊರಿಗೆ ಹೋಗುವ ಮೊದಲೇ ಆಡಿಕೊಂಡಿದ್ದರು.

ಇವನ್ನು ಕೊಳ್ಳಲು ಹೋದಾಗ ಮಕ್ಕಳ ಬಟ್ಟೆ ಅಂಗಡಿಯ ಹುಡುಗಿಯೂ ಅಷ್ಟೆ, ನನ್ನ ಹಿಂದೆ ಯಾರಾದರೂ ಬರುತ್ತಾರಾ ಎಂದು ಬಾಗಿಲ ಕಡೆ ಕತ್ತು ಹಾಕಿ ಹಾಕಿ ನೋಡಿದಳು, ಮೇಡಂ ಬಂದಿಲ್ವಾ ಸಾರ್, ಮೇಡಂ ಮನೆಯಲ್ಲಿ ಮಗುವಿನ ಹತ್ತಿರ ಇದ್ದಾರೆ, ನನಗೇ ತೋರಿಸಿ — ಮೂರು ಮೂಲೆ ಮಡಚಿ ಗಂಟು ಹಾಕುವ ಮೆತ್ತನೆ ಬಟ್ಟೆ, ಅಂಟುಪಟ್ಟಿಯದು, ಟಿಚ್ ಬಟನ್ನಿನದು, ಎಲ್ಲ ಗಾಜಿನ ಮೇಲೆ ಹರಡಿದಳು, ಅಂಟುಪಟ್ಟಿಯದು ಸುಲಭ ಸಾರ್, ಜೆಂಟ್ಸೂ ಹಾಕಬಹುದು ಅಂದಳು, ಪಾಪ, ಒಳ್ಳೆಯದಕ್ಕೇ ಅಂದಳು, ಆದರೆ ಅಂಟುಪಟ್ಟಿಗೆ ಕೂದಲು ಅಂಟುತ್ತದೆ, ನೂಲು ಅಂಟುತ್ತದೆ, ನಾಲ್ಕು ಸಲ ಒಗೆದರೆ ಅದು ಹಿಡಿಯುವುದೇ ಇಲ್ಲ, ಯಾವುದಕ್ಕೆ ಏನು ಸುತ್ತಿಕೊಳ್ಳುತ್ತದೆ ಎಂದು ನೋಡುವುದೇ ನನ್ನ ಕೆಲಸ, ಊರಿನ ಬಚ್ಚಲು ಪಾಯಿಖಾನೆಗಳ ನೀರೆಲ್ಲ ಬಂದು ಬೀಳುವ ಬಾವಿಯಿಂದ ಅದನ್ನು ಮೇಲೆತ್ತಿ ಮುಂದಕ್ಕೆ ತಳ್ಳುವ ಪಂಪ್‌ಹೌಸಿನಲ್ಲಿ ಪಾಳಿಯುದ್ದಕ್ಕೂ ಅದೇ ತಾನೆ — ಬಟನ್ನಿನದೇ ಕೊಡಿ ಅಂದೆ, ಹುಡುಗಿ ಒಂದು ರಬ್ಬರ್ ಗೊಂಬೆ ತಂದು ಉಡಿಸಿ ತೋರಿಸಿದಳು, ನಾನೂ ಉಡಿಸಿದೆ, ಗೊಂಬೆ ತಲೆಕೆಳಗಾಗಿತ್ತು, ಪಕ್ಕದಲ್ಲಿದ್ದ ಗರ್ಭಿಣಿಯೊಬ್ಬಳು ಬೇರೆ ಕಡೆ ತಿರುಗಿ ನಕ್ಕಳು.

ಮನೆಗೆ ತಂದಾಗ ಯಾರೂ ನಗಲಿಲ್ಲ. ಬಾಣಂತನಕ್ಕೆ ಬಂದಿದ್ದ ಅತ್ತೆ ಒಂದನ್ನು ಎತ್ತಿ ಹಿಂದೆಮುಂದೆ ನೋಡಿ ಕೆಳಗಿಟ್ಟರು, ನಾನು ಮೂರು ಮಕ್ಕಳದ್ದು ಒಗೆದವಳು ಅಳಿಯಂದ್ರೇ, ಚಳಿಯಲ್ಲಿ ಬೆರಳ ಸಂದೆಲ್ಲ ಬಿರಿದು ರಕ್ತ ಬರ್ತಿತ್ತು, ನನ್ನ ಮಗಳಿಗೆ ಅದೊಂದು ತಪ್ಪಿತಲ್ಲ ಅಂತ ಸಮಾಧಾನ ಇತ್ತು, ನೀವು ದುಡ್ಡು ಕೊಟ್ಟು ವಾಪಸ್ ತಂದ್ರಿ. ಇವಳಾದರೋ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು, ಇದು ಸ್ಪಷ್ಟವಾ ಅದು ಸ್ಪಷ್ಟವಾ ಎಂದು ಒಂದೊಂದೇ ಗಾಜು ಇಟ್ಟು ಕೇಳುವ ಅಭ್ಯಾಸ ಮನೆಯಲ್ಲೂ ಹೋಗುವುದಿಲ್ಲ, ಡೈಪರ್ ಯಾಕೆ ಬೇಡ ಹೇಳಿ, ಪಂಪಿಗೆ ಸಿಕ್ಕಿಹಾಕ್ಕೊಳುತ್ತೆ, ನಾವು ಪಾಯಿಖಾನೆಗೆ ಹಾಕಲ್ವಲ್ಲ, ಸುತ್ತಿ ಕಸದ ಡಬ್ಬಿಗೆ ಹಾಕ್ತೀವಿ, ಹೌದು, ಹಾಗಾದ್ರೆ ಪಂಪಿಗೆ ಹೇಗೆ ಬರುತ್ತೆ, ಬರಲ್ಲ, ಮತ್ತೆ — ಆ ಮತ್ತೆ ಎಂಬ ಪದದ ಮುಂದೆ ನಾನು ತಂದ ಬಟ್ಟೆಗಳನ್ನು ಒಂದೊಂದೇ ಮಡಚಿಡತೊಡಗಿದೆ, ಅವಳು ಹೇಳುವುದು ಸರಿಯಿತ್ತು, ಅವಳು ಹೇಳುವುದು ಸಾಮಾನ್ಯವಾಗಿ ಸರಿಯೇ ಇರುತ್ತದೆ, ಕೊನೆಗೆ ನಾನು ಅಂದದ್ದು ಇಷ್ಟೇ, ಒಂದನ್ನೂ ನೀನು ಮುಟ್ಟೋದು ಬೇಡ, ಅಮ್ಮನೂ ಮುಟ್ಟೋದು ಬೇಡ, ಎಲ್ಲ ನಾನೇ ಒಗಿತೀನಿ. ನೋಡೋಣ ಅಂದಳು. ನೋಡಿಯೂ ನೋಡಿದಳು, ಎರಡು ಪಾಳಿ ಒಟ್ಟಿಗೆ ಬಿದ್ದ ದಿನ ಬಕೆಟ್ ತುಂಬಿ ಮುಚ್ಚಳ ಮೇಲೆದ್ದಿತ್ತು, ಬಚ್ಚಲ ಬಾಗಿಲು ತೆಗೆದರೆ ಮೂಗು ಉರಿಯುತ್ತಿತ್ತು, ಆದರೂ ಅವಳು ಕೈ ಹಾಕಲಿಲ್ಲ, ಹಾಕದಿದ್ದುದೇ ಒಳ್ಳೆಯದಾಯಿತು, ಹಾಕಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ನಾಳೆಯಿಂದ ಅವಳದೇ ಆಗುತ್ತಿತ್ತು, ಬಂದವನೇ ಬೂಟು ಬಿಚ್ಚಿ ತೊಳೆದೆ, ಹೇಲನ್ನು ಮೊದಲು ನೀರಿನ ರಭಸಕ್ಕೆ ಹಿಡಿಯಬೇಕು, ಬಿಸಿನೀರು ಮೊದಲೇ ಹಾಕಿದರೆ ಕಲೆ ಕೂತುಬಿಡುತ್ತದೆ, ಸೋಪು ಜಾಸ್ತಿಯಾದರೆ ಬಟ್ಟೆಯಲ್ಲೇ ಉಳಿದು ಮಗುವಿನ ತೊಡೆಯ ಸಂದಿ ಕೆಂಪಾಗುತ್ತದೆ — ಕೆಂಪಾಗಿತ್ತು, ಪುಟ್ಟಿ ಅತ್ತು ಅತ್ತು ಮನೆಯನ್ನೇ ತಲೆಯ ಮೇಲೆ ಹೊತ್ತಿದ್ದಳು, ಅತ್ತೆ ಕೊಬ್ಬರಿ ಎಣ್ಣೆ ಸವರಿದರು, ಡಾಕ್ಟರು ಬಟ್ಟೆಯೇನೋ ಒಳ್ಳೆಯದೇ, ಜಾಲಾಡಿಸುವುದು ಸಾಲದು ಅಂದರು, ಯಾರು ಒಗೆಯುವುದು ಎಂದು ಇವಳ ಮುಖ ನೋಡಿ ಕೇಳಿದರು, ಇವಳು ನನ್ನ ಕಡೆ ಬೆರಳು ತೋರಿಸಿದಳು, ಆ ಬೆರಳಿನಲ್ಲಿ ಸಿಟ್ಟು ಎಷ್ಟಿತ್ತು ನಗು ಎಷ್ಟಿತ್ತು ಎಂದು ಇವತ್ತಿಗೂ ಲೆಕ್ಕ ಸಿಕ್ಕಿಲ್ಲ.

ಅತ್ತೆ ಊರಿಗೆ ಹೋದ ಮೇಲೆ ಒಂದು ಒಪ್ಪಂದವಾಯಿತು, ಹೊರಗೆ ಹೋಗುವಾಗ ಅವಳು ಡೈಪರ್ ಹಾಕುತ್ತಾಳೆ, ಅವಳೇ ಬಿಚ್ಚಿ ಅವಳೇ ಸುತ್ತಿ ಎಸೆಯುತ್ತಾಳೆ, ಮನೆಯಲ್ಲಿದ್ದರೆ ಬಟ್ಟೆ, ನನ್ನದು — ಹಾಗೆಯೇ ನಡೆದುಹೋಗುತ್ತಿತ್ತು, ಬೇಬಿ ಸಿಟ್ಟಿಂಗ್ ಆಂಟಿ ನಡುವೆ ಬರದಿದ್ದರೆ. ನಮ್ಮಲ್ಲಿ ಬಟ್ಟೆದು ತಗೊಳಲ್ಲಮ್ಮ, ಡೈಪರ್ ಪ್ಯಾಕೆಟ್ ಚೀಲದಲ್ಲಿಟ್ಟು ಕಳಿಸಿ. ಇವಳು ಅಭ್ಯಾಸವಾಗಲಿ ಎಂದು ನಿನ್ನೆ ಮಧ್ಯಾಹ್ನವೆಲ್ಲ ಪುಟ್ಟಿಗೆ ಅದನ್ನೇ ಹಾಕಿಟ್ಟಿದ್ದಳು, ಅವಳ ಕನ್ನಡಕದ ಅಂಗಡಿಯಿಂದ ಫೋನ್ ಬಂತು, ಕಿವಿಗೆ ಒತ್ತಿಕೊಂಡೇ ನನಗೆ ಸನ್ನೆ ಮಾಡಿದಳು, ಬಿಚ್ಚಿ, ಬಿಚ್ಚಿ, ತುಂಬಿದೆ. ಬಿಚ್ಚಿದೆ. ಎರಡೂ ಬದಿಯ ಪಟ್ಟಿ ಕಿತ್ತು, ಕಾಲೆತ್ತಿ, ಕೆಳಗಿನಿಂದ ಎಳೆದು, ಎತ್ತಿದೆ — ಅಷ್ಟೆ, ಅಂಗೈಯಲ್ಲಿ ಅದು ಕೂತ ರೀತಿ, ಊದಿಕೊಂಡು ಮೆತ್ತಗೆ ಬಿಸಿಯಾಗಿ, ನೋಡಿದರೆ ಹತ್ತಿಯ ಹಾಗೆ, ಹಿಡಿದರೆ ಮಾಂಸದ ಹಾಗೆ ಭಾರ, ಅದನ್ನು ಇಡಲೂ ಆಗಲಿಲ್ಲ ಹಿಡಿಯಲೂ ಆಗಲಿಲ್ಲ, ಪುಟ್ಟಿ ಬರಿ ಮೈಯಲ್ಲಿ ಕಾಲು ಬಡಿಯುತ್ತಿದ್ದಾಳೆ, ನಾನು ಎರಡೂ ಕೈ ಮುಂದೆ ಚಾಚಿ ನಿಂತಿದ್ದೇನೆ, ಇವಳು ಫೋನಿನಲ್ಲಿ ಆಮೇಲೆ ಮಾಡ್ತೀನಿ ಅಂದಳು, ನನ್ನ ಕೈಯಿಂದ ಅದನ್ನು ತೆಗೆದುಕೊಂಡಳು, ಕಸಕ್ಕೆ ಹಾಕಿ ಬಂದಳು, ಮಗುವಿಗೆ ಬಟ್ಟೆ ಉಡಿಸಿ ಎತ್ತಿಕೊಂಡಳು, ಆಮೇಲೆ ಕೂತ್ಕೊಳ್ಳಿ ಅಂದಳು. ಕೈ ಯಾಕೆ ಇನ್ನೂ ಹಾಗೇ ಚಾಚಿದ್ದೀರಿ. ಏನಿಲ್ಲ. ಏನಿಲ್ಲ ಅಂದ್ರೆ ಆಗಲ್ಲ ರೀ, ಮೇಸ್ತ್ರಿ ಹೋದಾಗಿಂದ ನೀವು ಏನೋ ನುಂಗ್ಕೊಂಡು ಕೂತಿದ್ದೀರಿ, ನಾನು ಕೇಳಬಾರದು ಅಂತ ಸುಮ್ಮನಿದ್ದೆ, ಈಗ ಕೇಳ್ತಾ ಇದ್ದೀನಿ.

ಮೇಸ್ತ್ರಿ, ನನಗೆ ಕೆಲಸ ಕಲಿಸಿದವರು, ಪಂಪಿನ ಸದ್ದು ಕೇಳಿಯೇ ಗಂಟಲಲ್ಲಿ ಏನು ಸಿಕ್ಕಿದೆ ಎಂದು ಹೇಳುತ್ತಿದ್ದರು, ಹೇಳಿದ್ದು ಅರ್ಧಕ್ಕರ್ಧ ತಪ್ಪಾಗುತ್ತಿತ್ತು, ಆದರೂ ಅಷ್ಟೇ ಧೈರ್ಯದಿಂದ ಮತ್ತೆ ಹೇಳುತ್ತಿದ್ದರು. ಕೆಲಸದ ಜಾಗದಲ್ಲಿ ಮೈಗೆ ಸರಿಯಿಲ್ಲದೆ ಹೋದರು ಎಂದಷ್ಟೇ ಇವಳಿಗೆ ಗೊತ್ತಿತ್ತು, ಆಗ ಇವಳು ತುಂಬು ಬಸುರಿ, ಉಳಿದದ್ದನ್ನು ಹೇಳಬೇಡಿ ಎಂದು ಅತ್ತೆಯೇ ಅಂದಿದ್ದರು, ಹೆರಿಗೆಯಾದ ಮೇಲೆ ಹೇಳಲು ಹೊತ್ತೇ ಕೂಡಿಬರಲಿಲ್ಲ, ನಿನ್ನೆ ಹೇಳಿದೆ. ಪಂಪು ನರಳಿ ನಿಂತಿತು, ಬಾವಿಯ ನೀರು ಏರುತ್ತಿತ್ತು, ಏರಿದರೆ ತಗ್ಗಿನ ಬೀದಿಯ ಮನೆಗಳ ಬಚ್ಚಲಿಂದ ಎಲ್ಲ ವಾಪಸ್ ಉಕ್ಕುತ್ತದೆ, ಮುಖಕ್ಕೆ ಹಾಕುವ ಗಾಳಿ ಮುಖವಾಡ ರಿಪೇರಿಗೆ ಹೋಗಿತ್ತು, ಬರುವವರೆಗೆ ಕಾಯೋಣ ಅಂದೆ, ಕೆಳಗಿನ ಮನೆಯೋರು ಕಾಯ್ತಾರಾ ಎಂದು ಮೇಸ್ತ್ರಿ ಸೊಂಟಕ್ಕೆ ಹಗ್ಗ ಕಟ್ಟಿಕೊಂಡರು, ಹಗ್ಗದ ಇನ್ನೊಂದು ತುದಿ ಕಂಬಕ್ಕೆ, ಹಿಡಿದುಕೊಂಡವನು ವಾಚ್‌ಮನ್, ನಾನು ಬಾವಿಯ ಬಾಯಿಯ ಹತ್ತಿರ ಬುಟ್ಟಿ ಇಟ್ಟುಕೊಂಡು ಮಂಡಿಯೂರಿದ್ದೆ. ಎಲ್ಲ ಡೈಪರುಗಳೇ. ಜಾಲರಿಗೆ ಒತ್ತಿಕೊಂಡು ಗೋಡೆ ಕಟ್ಟಿದ ಹಾಗೆ. ಕೆಳಗಿನಿಂದ ಒಂದೊಂದೇ ಕಿತ್ತು ಮೇಲಕ್ಕೆ ಕೊಡುತ್ತಿದ್ದರು, ನಾನು ಬಗ್ಗಿ ತೆಗೆದುಕೊಂಡು ಬುಟ್ಟಿಗೆ, ತಮಾಷೆ ಬೇರೆ, ಇನ್ನೇನು ನಿನ್ನ ಮನೇದೂ ಇಲ್ಲಿಗೇ ಬರುತ್ತೆ ನೋಡು ಅಂದರು, ನಾನು ನಕ್ಕೆ, ಆಮೇಲೆ ಏಣಿಯ ಮೇಲೆ ಒಂದು ಮೆಟ್ಟಿಲು ಹತ್ತಿ, ಎಲ್ಲಕ್ಕಿಂತ ದೊಡ್ಡದನ್ನು, ನೀರು ಕುಡಿದು ಉಬ್ಬಿದ್ದನ್ನು, ಎರಡೂ ಕೈಯಲ್ಲಿ ಎತ್ತಿ ಹಿಡಿದು, ತಗೋ ನಿನ್ನ ಮಗು ಅಂದರು, ತಗೊಂಡೆ, ಬುಟ್ಟಿಗೆ ಹಾಕಿ ತಿರುಗಿದೆ, ಏಣಿ ಖಾಲಿ. ಹಗ್ಗ ಎಳೆದೆವು, ಕೂಗಿಗೆ ಓಡಿಬಂದ ಒಬ್ಬ ಸೇರಿ ಮೂವರು ಎಳೆದೆವು, ಮೇಲೆ ಬಂದರು, ಆಸ್ಪತ್ರೆಯಿಂದ ಮಾತ್ರ ವಾಪಸ್ ಬರಲಿಲ್ಲ. ಬಾವಿಯೊಳಗೆ ಗಾಳಿ ಕೆಟ್ಟಿತ್ತು ಅಂದರು. ನಿನ್ನ ತಪ್ಪೇನಿಲ್ಲ ಎಂದು ಎಲ್ಲರೂ ಹೇಳಿದರು, ನನಗೂ ಗೊತ್ತು, ತಪ್ಪಿನ ಮಾತು ಅಲ್ಲವೇ ಅಲ್ಲ ಇದು, ತಲೆಗೆ ಗೊತ್ತಿರುವುದು ಕೈಗೆ ಗೊತ್ತಾಗುವುದಿಲ್ಲ, ಅಷ್ಟೆ.

ಅವಳು ಪುಟ್ಟಿಯನ್ನು ಮಲಗಿಸಿ ಬಚ್ಚಲಿಗೆ ಹೋದಳು, ಬಕೆಟ್ಟಿನಲ್ಲಿ ನೆನೆಯುತ್ತಿದ್ದ ಒಂದು ಒಳಪಟ್ಟಿಯನ್ನು ತಾನಾಗಿಯೇ ಎತ್ತಿದಳು, ಹಿಡೀರಿ ಆ ತುದಿ ಅಂದಳು, ನೀನು ಮುಟ್ಟೋದು ಬೇಡ ಅಂದಿದ್ದೆ ಅಂದೆ, ನಾನು ಒಗಿತಿಲ್ಲ, ಹಿಂಡ್ತಿದ್ದೀನಿ, ಎರಡೂ ಬೇರೆ ಬೇರೆ — ಅವಳು ಬಲಕ್ಕೆ ತಿರುವಿದಳು ನಾನು ಎಡಕ್ಕೆ, ನಾನೊಬ್ಬನೇ ಹಿಂಡುವಾಗ ಬಿಡದ ನೀರೆಲ್ಲ ಸೊರ್ರೆಂದು ಇಳಿಯಿತು. ಬೆಳಿಗ್ಗೆ ಆಂಟಿಯ ಹತ್ತಿರ ಅವಳೇ ಮಾತಾಡಿದಳು, ನಾನು ಚೀಲ ಹಿಡಿದು ಗೇಟಿನಲ್ಲಿದ್ದೆ, ಚೀಲದಲ್ಲಿ ಬಟ್ಟೆಯವೇ, ಜೊತೆಗೆ ಒದ್ದೆಯಾದದ್ದನ್ನು ಹಾಕಲು ಬಿಗಿ ಮುಚ್ಚಳದ ಡಬ್ಬಿ, ಪ್ಯಾಕೆಟ್ಟನ್ನು ತೆಗೆದು ಕಪಾಟಿನ ಮೇಲಕ್ಕೆ ಎಸೆದಿದ್ದಳು, ಡೈಪರ್ ಅಲರ್ಜಿ ಆಂಟಿ, ಮುಟ್ಟಿದ್ರೇ ಆಗಲ್ಲ, ಅಯ್ಯೋ ಪಾಪ ಇಷ್ಟು ಚಿಕ್ಕ ಮಗುಗೆ ಅಂದರು ಆಂಟಿ, ಇವಳು ಹೂಂ ಅಂದು ಬಂದಳು, ಮೂಲೆ ತಿರುಗಿದ ಮೇಲೆ, ಅಲರ್ಜಿ ಮಗುಗೆ ಅಂತ ನಾನು ಹೇಳಲಿಲ್ಲ, ನೀವು ಕೇಳಿಸಿಕೊಂಡ್ರಲ್ಲ ಅಂದಳು, ಬಸ್ಸು ಬಂತು, ಹತ್ತಿದಳು, ಕಿಟಕಿಯಿಂದ ನೋಡಲಿಲ್ಲ, ಮಗುವನ್ನು ಬಿಟ್ಟುಬಂದ ಮೊದಲ ದಿನ, ನೋಡಿದ್ದರೆ ಇಳಿದುಬಿಡುತ್ತಿದ್ದಳೇನೋ.

ಫೋನು — ಎಲ್ಲಿಟ್ಟೆ, ಕೈ ಒದ್ದೆ, ಆಂಟಿಯದು, ಏನಾಯಿತೋ, ಏನೂ ಆಗಿಲ್ಲವಂತೆ, ಮಗು ಆಡ್ಕೊಂಡಿದೆ, ಈ ಬಟನ್ನು ಎಷ್ಟನೇದಕ್ಕೆ ಹಾಕೋದು ಸಾರ್, ಸಡಿಲ ಆಗ್ತಿದೆ, ಒಂದು ಗುಂಡಿ ಒಳಕ್ಕೆ ಹಾಕಿ ಅಂದೆ, ತೊಡೆ ಹತ್ರ ಬೆರಳು ಹೋಗೋ ಹಾಗಿರಬೇಕು, ಅಷ್ಟು ಸಾಕು, ಒದ್ದೆಯಾದದ್ದು ಡಬ್ಬಿಗೆ ಹಾಕಿಡಿ, ಒಗೆಯೋಕೆ ಹೋಗಬೇಡಿ, ನಾನು ಒಗಿತೀನಿ. ನೀವಾ ಅಂದರು ಆಂಟಿ, ನಾನೇ ಅಂದೆ, ಹಿಂದೆ ಪುಟ್ಟಿಯ ದನಿ ಕೇಳಿತು, ಅಳುವಲ್ಲ, ಸುಮ್ಮನೆ ಏನೋ ಹೇಳುವುದು. ಎದುರು ಮನೆಯವರು ಪೇಪರ್ ಮಡಚಿ ಎದ್ದರು. ಬಿಸಿಲು ಒಂದಿಷ್ಟು ಬಂದ ಹಾಗಿದೆ, ಕಂಬಿಯ ಮೇಲೆ, ಬಾತುಕೋಳಿಗಳ ಮೇಲೆ, ಸಂಜೆಯೊಳಗೆ ಮೇಲುಬಟ್ಟೆ ಒಣಗುತ್ತದೆ, ಒಳಪಟ್ಟಿ ಒಣಗುವುದಿಲ್ಲ, ಪಾಳಿಗೆ ಹೋಗುವ ಮೊದಲು ಮಗ್ಗುಲು ಬದಲಿಸಿ ಹಾಕಬೇಕು, ಪಂಪ್‌ಹೌಸಿಗೆ ಹೊಸ ಮುಖವಾಡ ಬಂದಿದೆ, ಗೂಟಕ್ಕೆ ನೇತುಹಾಕಿದ್ದಾರೆ, ಮೇಸ್ತ್ರಿಯ ಬೂಟು ಇನ್ನೂ ಅದರ ಕೆಳಗೇ ಇದೆ, ತೆಗೆಯಿರಿ ಎಂದು ಯಾರೂ ಹೇಳುವುದಿಲ್ಲ, ಬಕೆಟ್ಟಿನಲ್ಲಿ ಇನ್ನೊಂದು ಉಳಿದಿದೆ, ಕೊನೆಯದು, ಎರಡೂ ಕೈಯಲ್ಲಿ ಎತ್ತುತ್ತೇನೆ, ಬಟ್ಟೆಯ ಭಾರ ಬೇರೆ, ಹಿಂಡಿದರೆ ಇಳಿಯುತ್ತದೆ, ಇದು ಇಳಿಯುವ ಭಾರ, ಅದು ಬೇರೆ — ಕತ್ತಲಿಂದ ಮೇಲೆ ಬಂದ ಎರಡು ಕೈ, ನಗುತ್ತಿರುವ ಮುಖ, ಕೈಯಲ್ಲಿ ಬೆಳ್ಳಗೆ ಉಬ್ಬಿದ್ದು, ತಗೋ, ತಗೊಂಡೆ, ತಿರುಗಿದೆ, ಎರಡು ಕೈ, ತಗೋ, ತಗೊಂಡೆ — ಎರಡು ಕೈ —